ಎರವಲು ಶ್ರುತಿ

ಬಡಾಕೋಡಿ ಬಂದರಿನ ದಾಮೋದರ ಒಂಬತ್ತು ಸಲ ಸಮುದ್ರದಲ್ಲಿ ಮುಳುಗಿದ. ಒಂಬತ್ತು ಸಲವೂ ಅವನು ಕೂತಿದ್ದದ್ದು ಮಾತ್ರ ಕ್ಯಾಂಟೀನಿನ ಬೆಂಚಿನ ಮೇಲೆ. ಒಮ್ಮೆ ಚಹಾ ಕುಡಿಯುತ್ತಿದ್ದ, ಒಮ್ಮೆ ಗೋಳಿಬಜೆಗೆ ಚಟ್ನಿ ಸಾಲದು ಎಂದು ಜಗಳ ತೆಗೆದಿದ್ದ. ಐದನೆಯ ಸಲವಂತೂ ತನ್ನನ್ನೇ ಹುಡುಕಲು ಹೊರಟ ರಕ್ಷಣಾ ಬೋಟಿನ ಹಗ್ಗವನ್ನು ತಾನೇ ಬಿಚ್ಚಿಕೊಟ್ಟು, ಹೋಗಿ ಬನ್ನಿ, ಸಿಕ್ಕಿದರೆ ನನಗೂ ತೋರಿಸಿ ಎಂದು ಕೈಬೀಸಿದ. ಇಡೀ ಬಂದರು ಬಿದ್ದು ಬಿದ್ದು ನಕ್ಕಿತು.

ಇದಕ್ಕೆಲ್ಲ ಕಾರಣ ಕಡಲಕಿವಿ. ಕರಾವಳಿಯ ಹನ್ನೆರಡು ದೀಪಸ್ತಂಭಗಳ ಮೇಲೆ ಹನ್ನೆರಡು ರಿಸೀವರ್ ಪೆಟ್ಟಿಗೆ. ಸಮುದ್ರಕ್ಕೆ ಹೋಗುವ ಪ್ರತಿಯೊಬ್ಬನ ಉಡಿದಾರದಲ್ಲಿ ನಾಣ್ಯದಷ್ಟಗಲದ ಒಂದು ಜೀವಬಿಲ್ಲೆ. ಮನುಷ್ಯ ನೀರಿಗೆ ಬಿದ್ದನೋ, ಉಪ್ಪುನೀರು ತಾಗಿದ ಬಿಲ್ಲೆಯಿಂದ ಸಣ್ಣದೊಂದು ತೇಲುಬುರುಡೆ ಬಿಚ್ಚಿಕೊಂಡು ಮೇಲೆ ಬಂದು ರೇಡಿಯೋದಲ್ಲಿ ಕೂಗಲು ತೊಡಗುತ್ತದೆ. ಒಬ್ಬೊಬ್ಬನಿಗೆ ಒಂದೊಂದು ನಂಬರು, ಒಂದೊಂದು ತರಂಗಾಂತರ. ದಾಮೋದರನದು ನಾನ್ನೂರ ಹದಿನೇಳು. ದೀಪಸ್ತಂಭದ ಪೆಟ್ಟಿಗೆಗೆ ಕೂಗು ಕೇಳಿಸಿದರೆ ಬಂದರಿನ ಕಂಟ್ರೋಲ್ ರೂಮಿನಲ್ಲಿ ಗಂಟೆ ಹೊಡೆಯುತ್ತದೆ, ಬೋಟು ಹೊರಡುತ್ತದೆ. ಇದು ಬಂದ ಮೇಲೆ ಹಿಂದಿನ ಪದ್ಧತಿಗೆಲ್ಲ ಮಂಗಳ ಹಾಡಿದರು. ಮೊದಲು ಯಾವನಾದರೂ ಬಿದ್ದ ಎಂದು ಒಬ್ಬ ವಯರ್‌ಲೆಸ್ಸಿನಲ್ಲಿ ಅರಚಿದರೆ ಸಾಕಿತ್ತು, ಬಲೆಯನ್ನು ಅರ್ಧಕ್ಕೇ ಬಿಟ್ಟು ಇಪ್ಪತ್ತು ಬೋಟುಗಳು ಬರುತ್ತಿದ್ದವು. ಈಗ ಮನುಷ್ಯನ ಬಾಯಿಗೆ ಬೆಲೆಯಿಲ್ಲ, ಕಡಲಕಿವಿ ಕೇಳಬೇಕು.

ಕಡಲಕಿವಿಗೋ, ಇಲ್ಲದ ಕೂಗು ಕೇಳಿಸುತ್ತಿತ್ತು. ಬಂದರಿನ ಗುಡ್ಡದ ಮೇಲೆ ಎರಡು ದೊಡ್ಡ ರೇಡಿಯೋ ಸ್ಟೇಷನ್‌ಗಳಿವೆ. ಹವಾಮಾನದ ಸ್ಟೇಷನ್ ದಿನವಿಡೀ ನಡೆಯುತ್ತದೆ. ಹಡಗುಗಳಿಗೆ ವರ್ತಮಾನ ಹೇಳುವ ಸ್ಟೇಷನ್ ಸಂಜೆ ಐದೂವರೆಗೆ ಶುರು. ಕೆಲವು ದಿನ ಎರಡು ಗಟ್ಟಿ ಅಲೆಗಳು ಒಟ್ಟಿಗೆ ಬಡಿದಾಗ ರಿಸೀವರ್‌ನ ಮಿಕ್ಸರ್, ಅಂದರೆ ಅಲೆಗಳನ್ನು ಬೆರೆಸುವ ಭಾಗ, ತಡೆದುಕೊಳ್ಳಲಾರದೆ ಅವೆರಡನ್ನೂ ಕಲಸಿ ಮೂರನೆಯದೊಂದನ್ನು ಹಡೆಯುತ್ತದೆ. ಆ ಮೂರನೆಯದು ಗಾಳಿಯಲ್ಲಿ ಎಲ್ಲೂ ಇಲ್ಲ, ಪೆಟ್ಟಿಗೆಯ ಹೊಟ್ಟೆಯಲ್ಲೇ ಹುಟ್ಟಿದ್ದು. ಅದು ಹೋಗಿ ಕೂರುತ್ತಿದ್ದ ಜಾಗ ಸರಿಯಾಗಿ ನಾನ್ನೂರ ಹದಿನೇಳು. ಪೇಪರಿನವರು ಇದನ್ನು ಭೂತ ಎಂದು ಬರೆಯಲು ಹೊರಟಾಗ ಬಂದರಿನವರು ಒಪ್ಪಲಿಲ್ಲ; ನಮ್ಮ ಕಡೆ ಭೂತಕ್ಕೆ ಮರ್ಯಾದೆ ಉಂಟು, ಕೋಲ ಉಂಟು, ಈ ದರಿದ್ರಕ್ಕೆ ಆ ಹೆಸರು ಬೇಡ ಎಂದರು. ಹಾಗಾಗಿ ಸುಳ್ಳುಕರೆ ಎಂಬ ಹೆಸರು ನಿಂತಿತು.

ಒಂಬತ್ತನೆಯ ಸುಳ್ಳುಕರೆ ಬಂದದ್ದು ಮಂತ್ರಿಗಳು ಬಂದರು ನೋಡಲು ಬಂದ ದಿನ. ಅವರೆದುರೇ ಗಂಟೆ ಹೊಡೆದು, ಅವರೆದುರೇ ಬೋಟು ಓಡಿ, ಅವರೆದುರೇ ದಾಮೋದರ ಬಾಯಿ ಒರೆಸಿಕೊಳ್ಳುತ್ತಾ ಕ್ಯಾಂಟೀನಿನಿಂದ ಹೊರಗೆ ಬಂದ. ಮಂತ್ರಿಗಳು ನಕ್ಕರು. ದೊಡ್ಡವರು ನಕ್ಕರೆ ಚಿಕ್ಕವರಿಗೆ ಬೆವರು. ಆರು ತಿಂಗಳಲ್ಲಿ ಹೊಸ ಪೆಟ್ಟಿಗೆಗಳಿಗೆ ಟೆಂಡರ್ ಆಯಿತು, ಅದರಲ್ಲಿ ದಪ್ಪಕ್ಷರದ ಷರತ್ತು ಒಂದೇ: ಸುಳ್ಳುಕರೆ ಸೊನ್ನೆ ಇರತಕ್ಕದ್ದು. ಜೊತೆಗೆ ಒಂದು ಕಾಯಿದೆಯೂ ಬಂತು. ಕಡಲಕಿವಿಗೆ ಕೇಳಿಸದೆಯೇ ಯಾರಾದರೂ ವಯರ್‌ಲೆಸ್ಸಿನಲ್ಲಿ ಮನುಷ್ಯ ಬಿದ್ದ ಎಂದು ಕೂಗಿದರೆ ಅದು ಅಪರಾಧ.

ಹೊಸ ಪೆಟ್ಟಿಗೆಗಳನ್ನು ಪರೀಕ್ಷಿಸಿ ಸಹಿ ಹಾಕಿದವಳು ಪ್ರಫುಲ್ಲಾ. ಬಡಾಕೋಡಿಯ ಮೀನುಗಾರರ ಮನೆಯಲ್ಲೇ ಹುಟ್ಟಿ, ಓದಿ, ಬಂದರಿನ ರೇಡಿಯೋ ಲ್ಯಾಬಿನ ಮುಖ್ಯಸ್ಥೆಯಾದವಳು. ವಯಸ್ಸು ನಲವತ್ತಾರು. ಮದುವೆಯಾಗುವ ಮನಸ್ಸು ಬರಲಿಲ್ಲ, ಅಣ್ಣ ಅತ್ತಿಗೆಯ ಜೊತೆಗೇ ಇದ್ದಳು. ಅಣ್ಣ ಉದಯ ತಂಡೇಲ, ಬೋಟು ನಡೆಸುವ ಮುಖ್ಯಸ್ಥ. ದಾಮೋದರ ಅವನ ಬೋಟಿನಲ್ಲೇ ಬಲೆ ಎಳೆಯುತ್ತಿದ್ದ.

ಪ್ರಫುಲ್ಲಾಳ ಲ್ಯಾಬಿಗೆ ಒಂದು ಹೆಸರಿತ್ತು. ಅಲ್ಲಿ ಕೆಲಸ ತಡವಾಗುವುದಿಲ್ಲ. ಇದರ ಗುಟ್ಟು ಒಂದು ಹಳದಿ ಕೇಬಲ್. ಪ್ರತಿ ರಿಸೀವರ್‌ನ ಒಳಗೂ ಒಂದು ಆಸಿಲೇಟರ್ ಇರುತ್ತದೆ. ಹಾಡುವವರ ಪಕ್ಕ ಶ್ರುತಿಪೆಟ್ಟಿಗೆ ಇದ್ದ ಹಾಗೆ, ಅದು ಹಿಡಿದ ಶ್ರುತಿಗೆ ಹೋಲಿಸಿಯೇ ಪೆಟ್ಟಿಗೆ ಬೇರೆಲ್ಲ ಸದ್ದನ್ನೂ ಗುರುತಿಸುವುದು. ಆ ಆಸಿಲೇಟರ್ ಬಿಸಿಯಾಗಿ ಒಂದು ನೆಲೆಗೆ ನಿಲ್ಲಲು ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ಕಾಯುವವರು ಯಾರು? ಆರು ವರ್ಷದ ಹಿಂದೆ ಪ್ರಫುಲ್ಲಾ ಒಂದು ಉಪಾಯ ಕಂಡುಹಿಡಿದಳು. ಲ್ಯಾಬಿನಲ್ಲಿ ಅಕ್ಕಿಡಬ್ಬದಷ್ಟು ದೊಡ್ಡ, ಬಹಳ ಒಳ್ಳೆಯ ಆಸಿಲೇಟರ್ ಒಂದಿತ್ತು, ಯಾವಾಗಲೂ ಬಿಸಿಯಾಗಿಯೇ ಇರುತ್ತಿತ್ತು. ಬಂದ ಪೆಟ್ಟಿಗೆಗೆ ಹಳದಿ ಕೇಬಲ್ಲಿನಲ್ಲಿ ಅದರ ಶ್ರುತಿಯನ್ನೇ ಕೊಟ್ಟುಬಿಟ್ಟರೆ ಐದು ನಿಮಿಷಕ್ಕೆ ಪರೀಕ್ಷೆ ಶುರು. ಅದನ್ನೇ ನಿಯಮವಾಗಿ ಬರೆದು, ಕೆಳಗೆ ಸಹಿ ಹಾಕಿ ಗೋಡೆಗೆ ಅಂಟಿಸಿದಳು. ಬೇರೆ ಊರುಗಳ ಲ್ಯಾಬಿನವರು ಬಂದು ಫೋಟೋ ಹೊಡೆದುಕೊಂಡು ಹೋದರು.

ಹೊಸ ಪೆಟ್ಟಿಗೆಗಳ ಪರೀಕ್ಷೆಯೂ ಹಾಗೇ ನಡೆಯಿತು. ಎರಡು ದೊಡ್ಡ ಸ್ಟೇಷನ್ನಿನಷ್ಟೇ ಗಟ್ಟಿಯಾದ ಎರಡು ಅಲೆ ಕೊಟ್ಟರು, ಮೂರನೆಯದು ಹುಟ್ಟಲೇ ಇಲ್ಲ. ಬಿಲ್ಲೆಯ ಕ್ಷೀಣವಾದ ಕೂಗನ್ನು ಕೊಟ್ಟರು, ಕಡ್ಡಿಯ ಹಾಗೆ ನೆಟ್ಟಗೆ ಕಂಡಿತು. ಹನ್ನೆರಡಕ್ಕೂ ಸಹಿ ಬಿತ್ತು. ಬಂದರಿನ ಬಾಗಿಲಿಗೆ ಒಂದು ಫಲಕ ಬಂತು, ಸುಳ್ಳುಕರೆ ಸೊನ್ನೆ ಎಂದು. ಅದರ ಕೆಳಗೆ ಬಂದರು ಮಂಡಳಿಯ ಡೈರೆಕ್ಟರ್ ಶೇಷಗಿರಿ ಹಾರ ಹಾಕಿಸಿಕೊಂಡು ನಿಂತ ಫೋಟೋ.

ಮಳೆಗಾಲದ ರಜೆ ಮುಗಿದು ಬೋಟುಗಳು ಇಳಿದ ಮೇಲೆ ಎರಡು ತಿಂಗಳು ಗಂಟೆ ಹೊಡೆಯಲಿಲ್ಲ. ಕಂಟ್ರೋಲ್ ರೂಮಿನವರು ಪಗಡೆ ಆಡಲು ಕಲಿತರು. ಅಕ್ಟೋಬರಿನ ಒಂದು ಮಧ್ಯಾಹ್ನ ಎರಡು ಗಂಟೆಗೆ ಉದಯನ ದನಿ ವಯರ್‌ಲೆಸ್ಸಿನಲ್ಲಿ ಬಂತು. ದಾಮು ಬಿದ್ದಿದ್ದಾನೆ, ಬಲೆಯ ಹಗ್ಗ ಕಾಲಿಗೆ ಸುತ್ತಿ ಎಳೆದುಕೊಂಡು ಹೋಯಿತು, ದೀಪಸ್ತಂಭದಿಂದ ಆರು ಮೈಲಿ, ಬೇಗ ಕಳಿಸಿ. ಕೂತಿದ್ದವನು ಪರದೆ ನೋಡಿದ. ಪರದೆಯಲ್ಲಿ ಏನೂ ಇಲ್ಲ. ಯಾವ ನಂಬರೂ ಕೇಳಿಸುತ್ತಿಲ್ಲ ತಂಡೇಲರೇ, ಸರಿಯಾಗಿ ನೋಡಿ, ಕೆಳಗೆ ಮಲಗಿರಬಹುದು ಎಂದ. ಉದಯ ಬಾಯಿಗೆ ಬಂದದ್ದೆಲ್ಲ ಬೈದ. ಬೈಗುಳ ರೆಕಾರ್ಡ್ ಆಯಿತು, ಬೋಟು ಹೊರಡಲಿಲ್ಲ. ಪಕ್ಕದಲ್ಲಿದ್ದ ಒಂದೇ ಒಂದು ಬೋಟಿನವರು ಕಾಯಿದೆಗೂ ಹೆದರದೆ ಬಂದರು. ಎರಡು ಬೋಟು ಕತ್ತಲಾಗುವವರೆಗೆ ಸುತ್ತು ಹೊಡೆದು, ಒಂದು ಚಪ್ಪಲಿಯೂ ಸಿಗದೆ ವಾಪಸಾದವು.

ಮೂರನೆಯ ದಿನ ಮಂಡಳಿಯ ಕಾಗದ ಬಂತು. ಅದನ್ನು ಬರೆದ ಕೈಗೆ ಏನೂ ಅನ್ನಿಸಲಿಲ್ಲವೇ ಎಂದು ಈಗಲೂ ಆಶ್ಚರ್ಯವಾಗುತ್ತದೆ. ನಾನ್ನೂರ ಹದಿನೇಳನೇ ನಂಬರಿನ ವ್ಯಕ್ತಿ ಸಮುದ್ರಕ್ಕೆ ಬಿದ್ದಿರುವುದಿಲ್ಲ. ಸದರಿಯವನು ಸ್ವಇಚ್ಛೆಯಿಂದ ಬೇರೆಡೆ ತೆರಳಿರಬಹುದು. ಸುಳ್ಳು ಕೂಗು ಹಾಕಿದ್ದಕ್ಕಾಗಿ ತಂಡೇಲ ಉದಯನ ಲೈಸನ್ಸನ್ನು ತಡೆಹಿಡಿಯಲಾಗಿದೆ. ಮನುಷ್ಯನೊಬ್ಬನನ್ನು ನೀರು ನುಂಗಿದೆ, ಇವರು ಅವನನ್ನು ಓಡಿಹೋದವನನ್ನಾಗಿ ಮಾಡಿದರು. ಸತ್ತವನಿಗೆ ಸತ್ತ ಮರ್ಯಾದೆಯೂ ಇಲ್ಲ. ಥೂ.

ಆದರೆ ಅವತ್ತು ಪ್ರಫುಲ್ಲಾಳಿಗೆ ಹಾಗನ್ನಿಸಲಿಲ್ಲ, ಅದೇ ದೊಡ್ಡ ಹೇಸಿಗೆ. ಅವಳು ಮಂಡಳಿಯ ಮಾತನ್ನೇ ನಂಬಿದಳು. ತನ್ನ ಕೈಯಲ್ಲೇ ಅಳೆದ ಪೆಟ್ಟಿಗೆ ಅದು, ಹತ್ತು ಮೈಲಿ ದೂರದ್ದರಷ್ಟು ಸಣ್ಣ ಕೂಗನ್ನೂ ಕೇಳಿಸಿಕೊಂಡದ್ದನ್ನು ಕಣ್ಣಾರೆ ಕಂಡವಳು. ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣನನ್ನು ನೇರವಾಗಿ ಕೇಳಿಬಿಟ್ಟಳು.

"ನಿಜ ಹೇಳು ಅಣ್ಣ. ಅವನನ್ನು ಎಲ್ಲಿ ಇಳಿಸಿದೆ? ಏನಾದರೂ ಜಗಳ ಆಯ್ತಾ?"

ಉದಯ ತಟ್ಟೆಯಿಂದ ಕೈ ತೆಗೆದ.

"ನಾನು ಅವನ ಕೈ ಹಿಡಿದಿದ್ದೆ ಪ್ರಫುಲ್ಲ. ಜಾರಿತು. ನಿನ್ನ ಪೆಟ್ಟಿಗೆಗೆ ಅದು ಕೇಳದಿದ್ರೆ ನಾನೆಂತ ಮಾಡುದು?"

ಅಷ್ಟು ಹೇಳಿ ಎದ್ದು ಹೋಗಿ ಜಗಲಿಯಲ್ಲಿ ಕೂತ. ಅತ್ತಿಗೆ ವಾರಿಜ ಪ್ರಫುಲ್ಲಾಳ ತಟ್ಟೆಗೆ ಬಡಿಸಲು ತಂದ ಬಂಗುಡೆ ಸಾರಿನ ಪಾತ್ರೆಯನ್ನು ಹಾಗೇ ವಾಪಸು ಒಳಗೆ ಒಯ್ದಳು. ಅವತ್ತಿನಿಂದ ಮನೆಯಲ್ಲಿ ಮೂವರೂ ಬೇರೆ ಬೇರೆ ಹೊತ್ತಿನಲ್ಲಿ ಉಣ್ಣತೊಡಗಿದರು.

ದಾಮೋದರನ ಹೆಂಡತಿ ಗುಲಾಬಿ ಲ್ಯಾಬಿಗೆ ಬಂದದ್ದು ಹನ್ನೆರಡನೆಯ ದಿನ. ಮೀನು ಒಣಗಿಸುವ ಶೆಡ್ಡಿನಲ್ಲಿ ಕೆಲಸ ಮಾಡುವವಳು, ಕೈಗೆ ಉಪ್ಪಿನ ವಾಸನೆ. ಅಳಲಿಲ್ಲ, ಕೂಗಾಡಲಿಲ್ಲ. ಶೆಡ್ಡಿನ ಹೆಂಗಸರು ಗಂಡ ಯಾರ ಜೊತೆ ಓಡಿಹೋದ ಎಂದು ಕೇಳುತ್ತಾರೆ, ಹನ್ನೆರಡನೆಯ ದಿನದ ಕಾರ್ಯ ಮಾಡುವುದೋ ಬೇಡವೋ ಎಂದು ಮನೆಯವರಿಗೂ ಗೊತ್ತಾಗುವುದಿಲ್ಲ, ಮಂಡಳಿಯಲ್ಲಿ ಸಾವು ದಾಖಲು ಮಾಡುವುದಿಲ್ಲ ಅನ್ನುತ್ತಾರೆ ಎಂದಳು. ಆಮೇಲೆ ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ತೋರಿಸಿ, ಇದೇನಾ ಅದು ಎಂದು ಕೇಳಿದಳು. ಹೌದು ಎಂದದ್ದಕ್ಕೆ, "ಅವರು ಬೀಳದಿದ್ದಾಗ ಒಂಬತ್ತು ಸಲ ಕೇಳಿಸಿತ್ತಲ್ಲ ಅಕ್ಕ" ಎಂದು ಹೊರಟುಹೋದಳು.

ಪ್ರಫುಲ್ಲಾ ಕೂಡಲೇ ಎದ್ದಳು. ಗುಲಾಬಿಯ ಸಮಾಧಾನಕ್ಕೆಂದಲ್ಲ, ತನ್ನ ಸಮಾಧಾನಕ್ಕೆ, ಪೆಟ್ಟಿಗೆಗೆ ಹಳದಿ ಕೇಬಲ್ ಜೋಡಿಸಿ ನಾನ್ನೂರ ಹದಿನೇಳರ ತರಂಗಾಂತರದಲ್ಲೇ ಮತ್ತೆ ಪರೀಕ್ಷೆ ಮಾಡಿದಳು. ಪಕ್ಕದಲ್ಲಿ ಹವಾಮಾನ ಸ್ಟೇಷನ್ನಿನಷ್ಟು ಗಟ್ಟಿ ಅಲೆ, ಇತ್ತ ಬಿಲ್ಲೆಯ ಸಣ್ಣ ಕೂಗು. ಪರದೆಯಲ್ಲಿ ಕಡ್ಡಿಯ ಹಾಗೆ ಗೆರೆ ನಿಂತಿತು. ನೋಡಿದೆಯಾ, ಎಲ್ಲ ಸರಿಯಿದೆ ಎಂದುಕೊಂಡು ಕೇಬಲ್ ಕಿತ್ತು ಸುತ್ತಿಟ್ಟಳು. ಚಹಾ ಕುಡಿದು ಬಂದು ಪೆಟ್ಟಿಗೆಯ ಸ್ವಿಚ್ ಆರಿಸಲು ಹೋದರೆ, ಪರದೆಯ ಮೇಲೆ ಗೆರೆ ಇಲ್ಲ.

ಬಿಲ್ಲೆಯ ಬ್ಯಾಟರಿ ಹೋಯಿತೇನೋ ಎಂದು ಬದಲಾಯಿಸಿದಳು. ಇಲ್ಲ. ಹಳದಿ ಕೇಬಲ್ ಚುಚ್ಚಿದಳು, ಗೆರೆ ಬಂತು. ಕಿತ್ತಳು, ಹೋಯಿತು. ಮತ್ತೆ ಚುಚ್ಚಿದಳು, ಬಂತು. ಕಿತ್ತು ಒಂದು ಗಂಟೆ ಪೂರ್ತಿ ಕಾದಳು. ಆಸಿಲೇಟರ್ ಚೆನ್ನಾಗಿ ಬಿಸಿಯಾಗಿ ನೆಲೆನಿಂತ ಮೇಲೂ ಗೆರೆ ಬರಲಿಲ್ಲ.

ಆಗ ಅವಳಿಗೆ ಎಲ್ಲ ಹೊಳೆಯಿತು. ಎರಡು ಗಟ್ಟಿ ಅಲೆಗಳನ್ನು ತಡೆದುಕೊಳ್ಳಬೇಕಾದರೆ ಮಿಕ್ಸರ್‌ಗೆ ಬಹಳ ಗಟ್ಟಿಯಾದ ಶ್ರುತಿ ಬೇಕು. ಪೆಟ್ಟಿಗೆ ಮಾಡಿಕೊಟ್ಟ ಕಂಪನಿಯವರು ಕಡಿಮೆ ಖರ್ಚಿನ ಆಸಿಲೇಟರ್ ಹಾಕಿ, ಅದನ್ನೇ ಹಿಗ್ಗಿಸಿ ಗಟ್ಟಿ ಮಾಡಿದ್ದರು. ಹಿಗ್ಗಿಸಿದ ಶ್ರುತಿ ಗಟ್ಟಿಯಾಯಿತು, ಆದರೆ ಒಂದೇ ಕಡೆ ನಿಲ್ಲದೆ ಸಣ್ಣಗೆ ನಡುಗುತ್ತಿತ್ತು. ಶ್ರುತಿ ನಡುಗಿದರೆ ಪಕ್ಕದ ದೊಡ್ಡ ಸ್ಟೇಷನ್ನಿನ ಸದ್ದು ಒಂದು ಗೆರೆಯಾಗಿ ನಿಲ್ಲುವುದಿಲ್ಲ, ಆಚೀಚೆ ಹರಡಿ ಅಕ್ಕಪಕ್ಕದ ಜಾಗವನ್ನೆಲ್ಲ ತುಂಬಿಬಿಡುತ್ತದೆ. ನೆಲಕ್ಕೆ ಚೆಲ್ಲಿದ ಗಂಜಿಯ ಹಾಗೆ. ಆ ಗಂಜಿಯೊಳಗೆ ನಾನ್ನೂರ ಹದಿನೇಳರ ಸಣ್ಣ ಕೂಗು ಮುಳುಗಿಹೋಗಿತ್ತು. ಸುಳ್ಳುಕರೆ ಸೊನ್ನೆಯಾದದ್ದೇನೋ ನಿಜ, ಅದರ ಜೊತೆ ನಿಜದ ಕರೆಯೂ ಸೊನ್ನೆಯಾಗಿತ್ತು. ಲ್ಯಾಬಿನಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ, ಏಕೆಂದರೆ ಲ್ಯಾಬಿನಲ್ಲಿ ಆ ಪೆಟ್ಟಿಗೆ ಒಂದು ದಿನವೂ ತನ್ನ ಸ್ವಂತ ಶ್ರುತಿಯಲ್ಲಿ ಕೇಳಿರಲಿಲ್ಲ. ಹನ್ನೆರಡು ಪೆಟ್ಟಿಗೆಗೂ ಎರವಲು ಶ್ರುತಿ ಕೊಟ್ಟು ಪಾಸು ಮಾಡಿ, ದೀಪಸ್ತಂಭದ ಮೇಲೆ ಕೂರಿಸುವಾಗ ಎರವಲನ್ನು ಮಾತ್ರ ವಾಪಸು ಇಟ್ಟುಕೊಂಡಿದ್ದರು.

ಗೋಡೆಯ ಮೇಲೆ ನಿಯಮದ ಕಾಗದ ಇತ್ತು. ಆರು ವರ್ಷಕ್ಕೆ ಹಳದಿಯಾಗಿತ್ತು, ಕೆಳಗಿನ ಸಹಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಪ್ರಫುಲ್ಲಾ ಬಾತ್‌ರೂಮಿಗೆ ಹೋಗಿ ಮುಖ ತೊಳೆದಳು. ಕನ್ನಡಿ ನೋಡಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಮರುದಿನ ಡೈರೆಕ್ಟರ್ ಶೇಷಗಿರಿಯವರ ಕೋಣೆಯಲ್ಲಿ ಕಂಪನಿಯ ಮ್ಯಾನೇಜರನೂ ಇದ್ದ. ಪ್ರಫುಲ್ಲಾ ತನ್ನ ತಪ್ಪನ್ನೇ ಮೊದಲು ಹೇಳಿದಳು, ಆಮೇಲೆ ಪೆಟ್ಟಿಗೆಯದು. ಮ್ಯಾನೇಜರ್ ಗೋಡಂಬಿ ಬಾಯಿಗೆ ಹಾಕಿಕೊಳ್ಳುತ್ತಾ ಶಾಂತವಾಗಿ ಕೇಳಿದ. ಮೇಡಂ, ಟೆಂಡರಿನಲ್ಲಿ ಸುಳ್ಳುಕರೆ ಸೊನ್ನೆ ಎಂದಿತ್ತು, ನಾವು ಸೊನ್ನೆ ಕೊಟ್ಟಿದ್ದೇವೆ. ಶ್ರುತಿಯ ನಡುಕ ಎಷ್ಟಿರಬೇಕೆಂದು ನೀವು ಕೇಳಿರಲೇ ಇಲ್ಲ. ನಿಮ್ಮ ಲ್ಯಾಬಿನ ಕೇಬಲ್ ವಿಷಯ ನಮ್ಮವರಿಗೆ ಮೊದಲೇ ಗೊತ್ತಿತ್ತು, ಅದನ್ನು ನೋಡಿಯೇ ರೇಟು ಹಾಕಿದ್ದು. ಇದನ್ನೆಲ್ಲ ಅವನು ಮುಚ್ಚುಮರೆಯಿಲ್ಲದೆ, ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನಿಗೆ ಹೇಳುವಂತೆ ಹೇಳಿದ. ಅವನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪ್ರಫುಲ್ಲಾಳಿಗೆ ಅವನು ಗೋಡಂಬಿ ಅಗಿಯುವ ಸದ್ದು ಕೇಳಿಯೇ ಮೈಯೆಲ್ಲ ಉರಿಯಿತು.

ಶೇಷಗಿರಿಯವರ ಚಿಂತೆಯೇ ಬೇರೆ. ಲ್ಯಾಬು ಲ್ಯಾಬೇ, ಸಮುದ್ರ ಸಮುದ್ರವೇ, ಎರಡನ್ನೂ ಒಂದು ಮಾಡಬೇಡಿ ಎಂದರು. ಹಾಗಾದರೆ ಸಮುದ್ರದಲ್ಲೇ ಪರೀಕ್ಷೆ ಆಗಲಿ ಎಂದು ಪ್ರಫುಲ್ಲಾ ಮನೆಗೆ ಬಂದು ಜಗಲಿಯಲ್ಲಿದ್ದ ಅಣ್ಣನ ಎದುರು ನಿಂತಳು. ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ನೀನು ಹೇಳಿದ್ದೇ ಸರಿ ಅಣ್ಣ. ನನ್ನ ತಪ್ಪು. ನಿನ್ನನ್ನು ನಂಬದೆ ನಾನು ಆ ದರಿದ್ರ ಡಬ್ಬವನ್ನು ನಂಬಿದೆ."

ಆ ಜಾಗ ತೋರಿಸುತ್ತೀಯಾ ಎಂದದ್ದಕ್ಕೆ ಉದಯ ಚಪ್ಪಲಿ ಮೆಟ್ಟಿಕೊಂಡ. ಲೈಸನ್ಸ್ ಇಲ್ಲದವನು ಬೋಟು ನಡೆಸುವಂತಿಲ್ಲ, ಹಾಗಾಗಿ ಪಕ್ಕದ ಮನೆಯವರ ಬೋಟಿನಲ್ಲಿ ಇಬ್ಬರೂ ಹೋದರು. ದಾಮು ಬಿದ್ದ ಜಾಗವನ್ನು ಉದಯ ದೂರದ ಗುಡ್ಡದ ತಲೆಯನ್ನೂ ದೀಪಸ್ತಂಭವನ್ನೂ ನೋಡಿಯೇ ಗುರುತಿಸಿದ. ಏಡಿ ಹಿಡಿಯುವ ಬುಟ್ಟಿಯಲ್ಲಿ ಏಳು ಬಿಲ್ಲೆ ಕಟ್ಟಿ ನೀರಿಗೆ ಬಿಟ್ಟರು. ಏಳು ಬುರುಡೆಗಳು ತೇಲಿ ಬಂದು ಕೂಗತೊಡಗಿದವು, ಅಂದರೆ ಏಳು ಜನ ಮುಳುಗುತ್ತಿದ್ದಾರೆ ಎಂದು ಲೆಕ್ಕ. ಪ್ರಫುಲ್ಲಾ ಫೋನಿನಲ್ಲಿ ಇದು ಪರೀಕ್ಷೆ, ಬೋಟು ಕಳಿಸಬೇಡಿ ಎಂದು ಹೇಳಿ, ಎಷ್ಟು ನಂಬರು ಕೇಳಿಸುತ್ತಿದೆ ಎಂದು ಕಂಟ್ರೋಲ್ ರೂಮನ್ನು ಕೇಳಿದಳು. ಎರಡು ನಂಬರು ಕೇಳಿಸುತ್ತಿದೆ ಮೇಡಂ ಎಂದ ಆಪರೇಟರ್. ಉಳಿದ ಐದು? ಬೇರೆ ಯಾರೂ ಇಲ್ಲ ಮೇಡಂ, ಸಮುದ್ರ ಶಾಂತ ಎಂದ. ಉದಯ ಬುಟ್ಟಿ ಮೇಲೆ ಎಳೆದು, ಬಿಲ್ಲೆಗಳನ್ನು ಒಂದೊಂದಾಗಿ ತನ್ನ ಲುಂಗಿಯ ತುದಿಯಲ್ಲಿ ಒರೆಸಿದ.

ಇಷ್ಟಾದ ಮೇಲೆ ಮಂಡಳಿ ಕೆಲಸ ಶುರುಮಾಡಿತು, ಬಾಯಿಗೆ ಬೀಗ ಹಾಕಿಕೊಂಡು. ಸುಧಾರಣೆ ಎಂಬ ಹೆಸರಿನಲ್ಲಿ ಆಸಿಲೇಟರ್‌ಗಳನ್ನು ಬದಲಾಯಿಸಲು ಒಪ್ಪಿದರು. ಹಳೆಯ ಪೆಟ್ಟಿಗೆ ತಪ್ಪಾಗಿತ್ತು ಎಂದು ಎಲ್ಲೂ ಬರೆಯಬಾರದು. ದಾಮೋದರನ ಕಡತ ಮುಗಿದಿದೆ, ಅದನ್ನು ತೆರೆಯುವ ಪ್ರಶ್ನೆಯೇ ಇಲ್ಲ. ನಿಮ್ಮ ಹಳದಿ ಕೇಬಲ್ಲೂ ಹೊರಗೆ ಬರುವುದಿಲ್ಲ, ನಿಮಗೂ ಒಳ್ಳೆಯದಲ್ಲವೇ ಎಂದು ಶೇಷಗಿರಿಯವರು ನಕ್ಕರು. ಹೆಗಲ ಮೇಲೆ ಕೊಳಕು ಬಟ್ಟೆ ಹೊದಿಸಿ ಸನ್ಮಾನ ಅಂದ ಹಾಗಿತ್ತು ಆ ನಗೆ.

ಪ್ರಫುಲ್ಲಾ ತಿಂಗಳು ಪೂರ್ತಿ ಆ ಪೆಟ್ಟಿಗೆಗಳ ಜೊತೆ ಗುದ್ದಾಡಿದಳು. ಮಂಜೂರಾದ ಹಣದಲ್ಲಿ ಸಿಗುವ ನಡುಕವಿಲ್ಲದ ಆಸಿಲೇಟರ್‌ನ ಶ್ರುತಿ ಅಷ್ಟು ಗಟ್ಟಿಯಲ್ಲ. ಅದನ್ನು ಹಾಕಿದರೆ ಗಂಜಿ ಚೆಲ್ಲುವುದು ನಿಲ್ಲುತ್ತದೆ, ಆದರೆ ಮಿಕ್ಸರ್ ಸ್ವಲ್ಪ ಸೋತು ಸುಳ್ಳುಕರೆ ಮತ್ತೆ ಹುಟ್ಟುತ್ತದೆ. ಹಿಗ್ಗಿಸಿದರೆ ಸುಳ್ಳು ಸಾಯುತ್ತದೆ, ಜೊತೆಗೆ ಮನುಷ್ಯನೂ. ಎರಡನ್ನೂ ತೂಗಿ ಒಂದು ನಡುವಿನ ಜಾಗ ಹಿಡಿಯಬೇಕಿತ್ತು. ದಿನಕ್ಕೆ ಒಂದು ಸುಳ್ಳುಕರೆ ಬಂದರೆ ಬರಲಿ, ನೀರಿಗೆ ಬಿದ್ದವನ ಒಂದು ಕೂಗೂ ತಪ್ಪಬಾರದು ಎಂದು ಅವಳು ತಕ್ಕಡಿಯನ್ನು ಆ ಕಡೆಗೇ ವಾಲಿಸಿದಳು. ಈ ಸಲ ಪ್ರತಿ ಪೆಟ್ಟಿಗೆಯನ್ನೂ ಅದರದೇ ಶ್ರುತಿಯಲ್ಲಿ, ಮುಕ್ಕಾಲು ಗಂಟೆ ಕಾದು ಪರೀಕ್ಷೆ ಮಾಡಿದಳು. ಹಳದಿ ಕೇಬಲನ್ನು ಕತ್ತರಿಯಿಂದ ತುಂಡು ಮಾಡಿ ಬಿಸಾಕಿದಳು.

ಹೊಸ ಶ್ರುತಿಯ ಪೆಟ್ಟಿಗೆಗಳು ದೀಪಸ್ತಂಭ ಏರಿದ ಮೊದಲ ದಿನ ಸಂಜೆ, ಸರಿಯಾಗಿ ಐದೂವರೆಗೆ, ಕಂಟ್ರೋಲ್ ರೂಮಿನ ಗಂಟೆ ಹೊಡೆಯಿತು. ನಾನ್ನೂರ ಹದಿನೇಳು.

ಆಪರೇಟರ್‌ನ ಕೈಯಿಂದ ಪಗಡೆಯ ದಾಳ ಜಾರಿತು. ಆ ನಂಬರು ಯಾರದೆಂದು ಎಲ್ಲರಿಗೂ ಗೊತ್ತಿತ್ತು, ಅದೇಕೆ ಹೊಡೆಯುತ್ತಿದೆ ಎಂಬುದು ಪ್ರಫುಲ್ಲಾಳಿಗೆ ಗೊತ್ತಿತ್ತು. ಎರಡನೆಯ ಸ್ಟೇಷನ್ ಆಗಷ್ಟೇ ಶುರುವಾಗಿತ್ತು. ದಾಮು ಮುಳುಗುವಾಗ ಕಿವುಡಾಗಿದ್ದ ಕಡಲಕಿವಿ, ಅವನು ಎಲ್ಲೂ ಇಲ್ಲದ ಹೊತ್ತಿನಲ್ಲಿ ಅವನ ನಂಬರನ್ನು ಹಿಡಿದು ಬೊಬ್ಬೆ ಹಾಕುತ್ತಿತ್ತು. ಎಂಥ ಅಸಹ್ಯ! ಆದರೂ ಕಾಯಿದೆ ಇದೆಯಲ್ಲ, ಕಿವಿ ಕೇಳಿದರೆ ಬೋಟು ಹೊರಡಲೇಬೇಕು. ಹೊರಟಿತು, ಸುತ್ತು ಹಾಕಿತು, ಬಂತು. ಮರುದಿನ ಐದೂವರೆಗೆ ಮತ್ತೆ ಅದೇ. ಅದರ ಮರುದಿನವೂ.

ನಾಲ್ಕನೆಯ ದಿನ ಶೇಷಗಿರಿಯವರು ಕರೆಸಿದರು. ಪೇಪರಿನವರು ಮತ್ತೆ ಬಂದಿದ್ದಾರೆ, ಬೋಟಿನವರು ಗೊಣಗುತ್ತಿದ್ದಾರೆ, ಆ ಒಂದು ನಂಬರನ್ನು ಪೆಟ್ಟಿಗೆಯಿಂದ ತೆಗೆದುಹಾಕಿ ಎಂದರು. ಪ್ರಫುಲ್ಲಾ ಇದಕ್ಕೆಂದೇ ಕಾದಿದ್ದಳು. ನಂಬರು ತೆಗೆಯುವ ಅರ್ಜಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಮಂಡಳಿಯದೇ ಅರ್ಜಿ, ಮಂಡಳಿಯದೇ ನಿಯಮ. ಕಾರಣ ಬರೆಯುವ ಜಾಗದಲ್ಲಿ ಒಂದೇ ಕಾರಣಕ್ಕೆ ಅವಕಾಶ: ಸದರಿ ನಂಬರಿನ ವ್ಯಕ್ತಿ ಸಮುದ್ರದಲ್ಲಿ ಮೃತ. ಓಡಿಹೋದವನ ನಂಬರನ್ನು ತೆಗೆಯುವಂತಿಲ್ಲ, ಅವನು ಯಾವತ್ತಾದರೂ ವಾಪಸು ಬಂದು ಸಮುದ್ರಕ್ಕೆ ಇಳಿಯಬಹುದಲ್ಲ.

ಶೇಷಗಿರಿಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೇರೆ ದಾರಿ ಇದ್ದೇ ಇರುತ್ತದೆ, ನೀವು ಬುದ್ಧಿವಂತರು ಎಂದರು.

"ಇದೆ ಸರ್. ಶ್ರುತಿಯನ್ನು ಮತ್ತೆ ಹಿಗ್ಗಿಸಿದರೆ ಗಂಟೆ ನಿಲ್ಲುತ್ತದೆ. ಇನ್ನೊಬ್ಬ ಬಿದ್ದರೆ ಅವನೂ ಓಡಿಹೋದ ಅಂತ ಬರೆದುಕೊಳ್ಳಿ. ನಾನು ಮಾತ್ರ ಅದಕ್ಕೆ ಸಹಿ ಹಾಕುವುದಿಲ್ಲ."

ವರ್ಗ ಮಾಡುತ್ತೇನೆ ಎಂದರು. ಮಾಡಿ ಎಂದಳು. ಕೇಬಲ್ಲಿನ ವಿಷಯ ಹೊರಗೆ ಬರುತ್ತದೆ ಎಂದರು. ನಾನೇ ಬರೆದುಕೊಟ್ಟಿದ್ದೇನೆ, ನಿಮ್ಮ ಟಪಾಲಿನಲ್ಲಿದೆ, ಓದಿರಲಿಕ್ಕಿಲ್ಲ ಎಂದಳು. ಅವಳ ದನಿ ಏರಲಿಲ್ಲ. ಈ ಕೋಣೆಯಲ್ಲಿ ಸಿಟ್ಟು ಮಾಡುವುದಕ್ಕೂ ಹೇಸಿಗೆಯಾಗುವಷ್ಟು ಅವಳಿಗೆ ಸಾಕಾಗಿತ್ತು.

ಗಂಟೆ ಹನ್ನೊಂದು ದಿನ ಹೊಡೆಯಿತು. ಹನ್ನೊಂದು ದಿನವೂ ಬೋಟು ಹೋಗಿ ಬಂತು. ಅಷ್ಟರಲ್ಲಿ ಮಂತ್ರಿಗಳು ಮತ್ತೊಮ್ಮೆ ಬಡಾಕೋಡಿಗೆ ಬರುವ ತಾರೀಖು ಗೊತ್ತಾಯಿತು, ಸಂಜೆ ಐದು ಗಂಟೆಯ ಕಾರ್ಯಕ್ರಮ. ಹನ್ನೆರಡನೆಯ ದಿನ ಬೆಳಿಗ್ಗೆ ಅರ್ಜಿಗೆ ಸಹಿ ಬಿತ್ತು. ದಾಮೋದರ, ಸಮುದ್ರದಲ್ಲಿ ಮೃತ. ಮೃತನಾದವನ ಬಗ್ಗೆ ಕೂಗು ಹಾಕಿದ್ದು ಸುಳ್ಳಾಗಲಾರದ ಕಾರಣ ಉದಯನ ಲೈಸನ್ಸೂ ಅದೇ ಲಕೋಟೆಯಲ್ಲಿ ವಾಪಸು ಬಂತು. ಕ್ಷಮೆಯ ಒಂದು ಪದ ಅದರಲ್ಲಿರಲಿಲ್ಲ. ಸತ್ಯ ತಿಳಿದು ಹಾಕಿದ ಸಹಿ ಅಲ್ಲ ಅದು, ಗಂಟೆಯ ಕಿರಿಕಿರಿ ತಾಳಲಾರದೆ ಹಾಕಿದ್ದು. ಮನೆಯಲ್ಲಿ ಉದಯ ಲೈಸನ್ಸನ್ನು ಕೈಗೆ ತೆಗೆದುಕೊಂಡು ಎರಡೂ ಬದಿ ನೋಡಿ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ. ವಾರಿಜ ಮೂರು ತಟ್ಟೆ ಹಾಕಿದಳು. ಪ್ರಫುಲ್ಲಾ ಕೂತು ಉಂಡಳು.

ಮಧ್ಯಾಹ್ನದ ಮೇಲೆ ಲ್ಯಾಬಿನಲ್ಲಿ ಕೂತೇ ಹನ್ನೆರಡು ಪೆಟ್ಟಿಗೆಗಳಿಂದಲೂ ನಾನ್ನೂರ ಹದಿನೇಳನ್ನು ತೆಗೆದು, ಸಾವಿನ ದಾಖಲೆಯ ಕಾಗದ ಹಿಡಿದುಕೊಂಡು ಅವಳು ಬಂದರಿಗೆ ಹೋದಳು. ಗುಲಾಬಿ ಬೋಟು ಕಟ್ಟುವ ಧಕ್ಕೆಯ ತುದಿಯಲ್ಲಿ ಕೂತಿದ್ದಳು. ಶೆಡ್ಡಿನ ಕೆಲಸ ಮುಗಿಸಿ ದಿನಾ ಇದೇ ಹೊತ್ತಿಗೆ ಬಂದು ಕೂರುತ್ತಾಳೆ ಎಂದು ಕ್ಯಾಂಟೀನಿನವನು ಹೇಳಿದ್ದ. ಪ್ರಫುಲ್ಲಾ ಪಕ್ಕದಲ್ಲಿ ಕೂತು ಕಾಗದ ಕೊಟ್ಟಳು. ಗುಲಾಬಿ ನಿಧಾನವಾಗಿ ಓದಿ, ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡಳು. ನಾಳೆ ಪುರೋಹಿತರಿಗೆ ಹೇಳುತ್ತೇನೆ ಎಂದಳು. ಶೆಡ್ಡಿನವರಿಗೂ ತೋರಿಸುತ್ತೇನೆ ಎಂದಳು. ಆಮೇಲೆ ಕಂಟ್ರೋಲ್ ರೂಮಿನ ಕಿಟಕಿಯ ಕಡೆ ತಿರುಗಿದಳು.

"ಐದೂವರೆ ಆಯ್ತಲ್ಲ ಅಕ್ಕ. ಇವತ್ತು ಗಂಟೆ ಹೊಡೆಯುದಿಲ್ವಾ?"

ನಂಬರು ತೆಗೆದಾಯಿತು, ಇನ್ನು ಹೊಡೆಯುವುದಿಲ್ಲ ಎಂದಳು ಪ್ರಫುಲ್ಲಾ. ಅದು ಅವನ ಕೂಗಲ್ಲ, ಎರಡು ಸ್ಟೇಷನ್ ಸೇರಿ ಪೆಟ್ಟಿಗೆಯೊಳಗೆ ಹುಟ್ಟುತ್ತಿದ್ದ ಸುಳ್ಳು ಎಂದು ಬಿಡಿಸಿ ಹೇಳಿದಳು. ಗುಲಾಬಿ ತಲೆಯಾಡಿಸಿದಳು.

"ಸುಳ್ಳು ಅಂತ ನನಗೂ ಗೊತ್ತುಂಟು. ಆದ್ರೂ ಅವರನ್ನು ಹುಡುಕ್ಲಿಕ್ಕೆ ದಿನಾ ಒಂದು ಬೋಟು ಹೋಗ್ತಿತ್ತಲ್ಲ ಅಕ್ಕ. ಅವತ್ತು ಹೋಗದ ಬೋಟು."

ಗುಡ್ಡದ ಮೇಲೆ ಎರಡನೆಯ ಸ್ಟೇಷನ್ನಿನ ಕೆಂಪು ದೀಪ ಹೊತ್ತಿಕೊಂಡಿತು. ರಕ್ಷಣಾ ಬೋಟು ಧಕ್ಕೆಗೆ ಕಟ್ಟಿದ ಹಾಗೇ ನಿಂತಿತ್ತು, ಹಗ್ಗ ಬಿಚ್ಚಲು ಯಾರೂ ಬರಲಿಲ್ಲ.